ಭಾನುವಾರದ ಮಾತುಕತೆ: ಪ್ರಳಯದ ಕಥೆಗಳು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಮಡಿಕೇರಿಯಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ಮಳೆ ಜಾಸ್ತಿ ಇದ್ದರೆ ದೂರದವರು ಹೊರಡಬೇಡಿ, ಫೋನಿನಲ್ಲೇ ಸೇರಿಕೊಳ್ಳಿ.

ಈ ಸಲ ವೇದಕಾಲದ ಗ್ರಂಥವಾದ ಶತಪಥ ಬ್ರಾಹ್ಮಣದ ಮನು, ಬೈಬಲ್ಲಿನ ನೋಹ, ಪ್ರಾಚೀನ ಮೆಸೊಪೊಟೇಮಿಯಾದ (ಈಗಿನ ಇರಾಕ್ ಕಡೆಯ) ಗಿಲ್ಗಮೆಶ್ ಕಾವ್ಯದ ಉತ್ನಪಿಷ್ಟಿಮ್. ಮೂವರಿಗೂ ಮೊದಲೇ ಎಚ್ಚರಿಕೆ ಸಿಗುತ್ತದೆ. ಮೂವರೂ ದೋಣಿ ಕಟ್ಟುತ್ತಾರೆ.

ಹಕ್ಕಿಗಳನ್ನು ಗಮನಿಸಿ. ನೋಹ ಮೊದಲು ಕಾಗೆ ಬಿಡುತ್ತಾನೆ, ಆಮೇಲೆ ಪಾರಿವಾಳ. ಉತ್ನಪಿಷ್ಟಿಮ್ ಪಾರಿವಾಳದಿಂದ ಶುರುಮಾಡಿ ಕೊನೆಗೆ ಕಾಗೆ ಬಿಡುತ್ತಾನೆ. ಕಾಗೆ ವಾಪಸ್ ಬರುವುದಿಲ್ಲ, ಅಂದರೆ ನೀರು ಇಳಿದಿದೆ! ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಜೇಡಿಮಣ್ಣಿನ ಹಲಗೆಯಿಂದ ವಿದ್ವಾಂಸ ಜಾರ್ಜ್ ಸ್ಮಿತ್ 1872ರಲ್ಲಿ ಉತ್ನಪಿಷ್ಟಿಮ್‌ನ ಈ ಕಥೆ ಓದಿ ತೆಗೆದಾಗ ಬೈಬಲ್ ಓದಿದವರೆಲ್ಲ ಬೆರಗಾದರು.

ನನಗೆ ಹೆಚ್ಚು ಇಷ್ಟ ಮನುವಿನ ಕಥೆ. ಅಲ್ಲಿ ಹಕ್ಕಿ ಇಲ್ಲ. ಕೈ ತೊಳೆಯುವ ನೀರಿನಲ್ಲಿ ಒಂದು ಪುಟ್ಟ ಮೀನು ಬರುತ್ತದೆ, ನನ್ನನ್ನು ಸಾಕು ಅಂತ ಕೇಳುತ್ತದೆ. ಮನು ಅದನ್ನು ಕೊಡದಲ್ಲಿ, ಆಮೇಲೆ ಗುಂಡಿಯಲ್ಲಿ ಬೆಳೆಸಿ ಕಡಲಿಗೆ ಬಿಡುತ್ತಾನೆ. ಪ್ರಳಯ ಬಂದಾಗ ಅದರ ಕೊಂಬಿಗೇ ದೋಣಿಯ ಹಗ್ಗ ಕಟ್ಟುತ್ತಾನೆ. ನೋಹನ ಕಥೆಯಲ್ಲಿ ಮನುಷ್ಯರ ಕೆಟ್ಟತನಕ್ಕೆ ಪ್ರಳಯ. ಇಲ್ಲಿ ಯಾರ ತಪ್ಪಿನ ಮಾತೂ ಇಲ್ಲ.

ಇನ್ನೊಂದು ವಿಷಯ. ಮೂರೂ ದೋಣಿಗಳು ಬೆಟ್ಟದ ಮೇಲೇ ನಿಲ್ಲುತ್ತವೆ. ಆದರೆ 2018ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಬೆಟ್ಟವೇ ಜಾರಿತಲ್ವಾ? ಅದನ್ನು ಕಣ್ಣಾರೆ ಕಂಡವರು ಈ ಕಥೆಗಳನ್ನು ಹೇಗೆ ಓದುತ್ತೀರಿ ಅಂತ ಕೇಳುವ ಆಸೆ ನನಗಿದೆ. ಹೇಳಲು ಮನಸ್ಸಿದ್ದವರು ಮಾತ್ರ ಹೇಳಿ, ಒತ್ತಾಯ ಇಲ್ಲ.

ಬರುವವರು ಶನಿವಾರದೊಳಗೆ ಇಲ್ಲೇ ಹೆಸರು ಹಾಕಿ.