ಬಡಗಿ ಕೆಲಸಕ್ಕೆ ಯಾವ ಸಾಫ್ಟ್‌ವೇರ್?

ಸಂಪಾದಕರೇ,

ಹಲಸಿನ ಹಲಗೆಯಲ್ಲಿ ಕಪಾಟು ಮಾಡುವ ಮೊದಲು ತ್ರೀಡಿ ಚಿತ್ರ ಬರೆದು ನೋಡೋಣ ಅಂತ ಸ್ಕೆಚ್‌ಅಪ್ ಅನ್ನೋ ಸಾಫ್ಟ್‌ವೇರ್ ಹಿಡಿದೆ. ಕಲಿಯೋದು ಸುಲಭ, ಒಂದೇ ಸಂಜೆಗೆ ಕಪಾಟು ಎದ್ದು ನಿಂತಿತು. ಆದರೆ ಅದರ ಉಚಿತ ಆವೃತ್ತಿ ಬ್ರೌಸರ್‌ನಲ್ಲೇ ಓಡಬೇಕು, ನಮ್ಮ ಸೋಮವಾರಪೇಟೆ ಕಡೆ ಆಷಾಢದ ಮಳೆಗೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ, ಇನ್ನೆಲ್ಲಿ ಓಡುತ್ತೆ ಹೇಳಿ!

ಈಗ ಲ್ಯಾಪ್‌ಟಾಪ್‌ಗೆ ಫ್ರೀಕ್ಯಾಡ್ ಅನ್ನೋ ಇನ್ನೊಂದು ತ್ರೀಡಿ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಪೂರ್ತಿ ಉಚಿತ, ನೆಟ್ ಬೇಡ. ತಲೆಬಿಸಿ ಜಾಸ್ತಿ, ಸುಳ್ಳು ಹೇಳಲ್ಲ. ಆದರೆ ಅಳತೆಗಳನ್ನು ಮೊದಲೇ ಒಂದಕ್ಕೊಂದು ಜೋಡಿಸಿಟ್ಟರೆ, ಹಲಗೆಯ ದಪ್ಪ 18 ಮಿ.ಮೀ. ಇದ್ದದ್ದನ್ನು 25 ಅಂತ ಒಂದು ಕಡೆ ತಿದ್ದಿದರೆ ಸಾಕು, ಅದು ಕೂರುವ ಕಚ್ಚೂ ತಾನೇ ಅಗಲವಾಗುತ್ತೆ.

ಮಡಿಕೇರಿಯಲ್ಲಿ ಭಾನುವಾರ ಯಾರಾದರೂ ಇದನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ನಾನಂತೂ ಮೊದಲ ಬಸ್ಸಿಗೇ ಬರುತ್ತೇನೆ.

– ಒಬ್ಬ ಹವ್ಯಾಸಿ ಬಡಗಿ, ಸೋಮವಾರಪೇಟೆ