ಹೆದರಿಕೆ ಹೋಯಿತು ಎಂದೆಯಲ್ಲ

ಆಗುಂಬೆ,
ಪುನರ್ವಸು ಮಳೆಯ ಎರಡನೆಯ ದಿನ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ಬಂತು. ದೊಡ್ಡಮ್ಮನ ಮಂಡಿನೋವು, ತೋಟದ ಕೊಳೆರೋಗ, ಗಾಳಿಗೆ ಹಂಚು ಹಾರಿದ ಕೊಟ್ಟಿಗೆ, ಇವೆಲ್ಲ ನಿನಗೆ ಫೋನಿನಲ್ಲಿ ತಿಳಿದ ಸಂಗತಿಗಳೇ. ಬಿಡುತ್ತೇನೆ. ಪತ್ರದ ಕೊನೆಯಲ್ಲಿ, ಇನ್ನೇನು ಸಹಿ ಹಾಕಬೇಕು ಎನ್ನುವಲ್ಲಿ ಒಂದು ಸಾಲು ಬರೆದಿದ್ದೀಯ. “ರಾತ್ರಿ ಹೊಳೆಗೆ ಇಳಿಯುವಾಗ ಈಗ ಹೆದರಿಕೆಯೇ ಆಗುವುದಿಲ್ಲ ದೊಡ್ಡಪ್ಪ, ಅದನ್ನು ನೆನೆದರೆ ಮಾತ್ರ ಹೆದರಿಕೆಯಾಗುತ್ತದೆ.” ಅದನ್ನು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ದೊಡ್ಡಮ್ಮನಿಗೆ ಪತ್ರ ಓದಿ ಹೇಳುವಾಗ ಆ ಸಾಲನ್ನು ನುಂಗಿಕೊಂಡೆ.

ನೀನು ಕಳಿಸಿದ ಹಾಳೆಗಳನ್ನೆಲ್ಲ ಜಗಲಿಯಲ್ಲಿ ಕುಳಿತು ಓದಿದೆ. ಹಾವುಮೀನು ಎಂದರೆ ಮುಖ ಸಿಂಡರಿಸಿ ದೂರ ಎಸೆಯುತ್ತಿದ್ದ ಕಾಲದವನು ನಾನು. ಅದು ಹೊಳೆಯಲ್ಲಿ ಹುಟ್ಟುವ ಮೀನೇ ಅಲ್ಲ ಎಂಬುದು ಈ ವಯಸ್ಸಿನಲ್ಲಿ ನಿನ್ನಿಂದ ತಿಳಿಯಿತು. ನಮ್ಮ ಹತ್ತುಮೀನು ಮೊದಲ ಮಳೆಗೆ ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತದೆ. ಇದರದು ತಿರುಗಾಮುರುಗಾ. ಸಮುದ್ರದಲ್ಲಿ ಹುಟ್ಟಿ, ಮರಿಯಾಗಿ ಹೊಳೆ ಹತ್ತಿ, ಹತ್ತಾರು ವರ್ಷ ಬಂಡೆಯ ಸಂದಿನಲ್ಲಿ ಬಾಳಿ, ಒಂದೇ ಒಂದು ಸಲ ಮೊಟ್ಟೆಯಿಟ್ಟು ಸಾಯಲು ಮತ್ತೆ ಸಮುದ್ರಕ್ಕೆ ಇಳಿಯುತ್ತದೆ. ಹೊರಡುವ ಹೊತ್ತಿಗೆ ಹಳದಿ ಮೈ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ಕರುಳು ಸುರುಟಿಕೊಳ್ಳುತ್ತದೆ, ಮುಂದೆ ಆಹಾರವೇ ಇಲ್ಲ. ಇದನ್ನು ಓದಿ ಪತ್ರವನ್ನು ಮಡಚಿಟ್ಟು ಬಹಳ ಹೊತ್ತು ಮಳೆ ನೋಡುತ್ತ ಕುಳಿತೆ.

ಆದರೆ ಅದು ಹೊರಡುವುದು ಚಂದ್ರನಿಲ್ಲದ ರಾತ್ರಿ, ಮಳೆ ಸುರಿದು ಹೊಳೆ ಕೆಂಪಾಗಿ ಏರುವಾಗ ಎಂದೂ ಬರೆದಿದ್ದೀಯ. ಹಾಗಾದರೆ ನೀನು ನೀರಿನಲ್ಲಿರುವುದೂ ಅಂಥ ರಾತ್ರಿಯಲ್ಲೇ. ಹೆದರಿಕೆಯಿಲ್ಲದೆ.

ಆ ಮೃಗಶಿರ ಮಳೆಯ ರಾತ್ರಿಯ ವಿಷಯ ನಿನಗೆ ಗೊತ್ತಿದೆ. ಈ ಮನೆಯ ಮಕ್ಕಳಿಗೆಲ್ಲ ಅದನ್ನು ಹೇಳಿದ ಮೇಲೆಯೇ ಹಳ್ಳದ ಕಡೆಗೆ ಬಿಡುತ್ತಿದ್ದೆವು. ಮತ್ತೆ ಬರೆಯುವುದಿಲ್ಲ. ಮರುದಿನ ಸಂಕದ ಕೆಳಗೆ ಸಿಕ್ಕ, ಮೀನು ಹಿಡಿಯುವ ಬಿದಿರಿನ ಕೂಣಿ ಇಂದಿಗೂ ಅಟ್ಟದ ಮೇಲಿದೆ. ಅದರೊಳಗೆ ಮೀನಿತ್ತು ಎಂಬುದನ್ನು ಮಾತ್ರ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ನಿನ್ನ ಆತುರ ನನಗೆ ಅರ್ಥವಾಗುತ್ತದೆ. 1980ರಿಂದ ಈಚೆಗೆ ಯುರೋಪಿನ ದಡ ಮುಟ್ಟುವ ಮರಿಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡಿಮೆಯಾಗಿವೆ, ನಮ್ಮ ಘಟ್ಟದ ಹೊಳೆಗಳಲ್ಲಿ ಎಣಿಸುವವರೇ ಇಲ್ಲ ಎನ್ನುತ್ತೀಯ. ಬೆರಳುದ್ದದ ಮರಿಗಳು ಕಿಂಡಿ ಅಣೆಕಟ್ಟಿನ ಒದ್ದೆ ಗೋಡೆಯನ್ನು ಮೈಯೊತ್ತಿ ಹತ್ತುವುದನ್ನು ಟಾರ್ಚ್ ಬೆಳಕಿನಲ್ಲಿ ಎಣಿಸುತ್ತ ನಿಂತ ನಿನ್ನನ್ನು ನೆನೆದರೆ ಹೆಮ್ಮೆಯಾಗುತ್ತದೆ. ಒಂದು ಮಾತು ಹೇಳಲೇ? ನಿನ್ನ ಹಾಳೆಯಲ್ಲಿಯೇ ಇರುವ ಮಾತು. ಡೆನ್ಮಾರ್ಕಿನ ಯೋಹಾನ್ನೆಸ್ ಶ್ಮಿಟ್ 1904ರಲ್ಲಿ ಫ್ಯಾರೋ ದ್ವೀಪಗಳ ಪಶ್ಚಿಮಕ್ಕೆ ಗಾಜಿನ ಎಲೆಯಂಥ ಒಂದು ಮರಿಯನ್ನು ಹಿಡಿದ. ಅದಕ್ಕಿಂತ ಸಣ್ಣದು ಎಲ್ಲಿ ಸಿಗುತ್ತದೆ, ಅದಕ್ಕೂ ಸಣ್ಣದು ಎಲ್ಲಿ ಎಂದು ಅಟ್ಲಾಂಟಿಕ್ ಸಾಗರವನ್ನು ಜಾಲಾಡಿದ. ಯುರೋಪಿನ ಹಾವುಮೀನಿನ ತವರು ಅಟ್ಲಾಂಟಿಕ್ಕಿನೊಳಗಿನ ಸರ್ಗಾಸೊ ಸಮುದ್ರ ಎಂದು ಹೇಳುವ ಹೊತ್ತಿಗೆ 1922 ಆಗಿತ್ತು. ಹದಿನೆಂಟು ವರ್ಷ! ಇಷ್ಟಾದರೂ ಅಲ್ಲಿ ಅದರ ಮೊಟ್ಟೆಯನ್ನು ಇಂದಿಗೂ ಯಾರೂ ಕಂಡಿಲ್ಲ. ಜಪಾನಿನವರು ತಮ್ಮ ಕಡೆಯ ಹಾವುಮೀನಿನ ಮೊಟ್ಟೆಯನ್ನು ಮರಿಯಾನಾ ದ್ವೀಪಗಳ ಪಶ್ಚಿಮದ ಕಡಲಿನಿಂದ ಎತ್ತಿದ್ದು 2009ರಲ್ಲಿ. ಇಷ್ಟು ನಿಧಾನದ ಕೆಲಸದಲ್ಲಿ ಹೊಳೆ ಏರಿದ ಒಂದು ರಾತ್ರಿಯ ಲೆಕ್ಕ ತಪ್ಪಿದರೆ ಏನು ಹೋಗುತ್ತದೆ? ತಿಳಿಯದವನು ಹೇಳಿದ್ದು ಎಂದು ಬೇಸರ ಮಾಡಿಕೊಳ್ಳಬೇಡ.

ಒಬ್ಬಳೇ ಇಳಿಯಬೇಡ. ಇದನ್ನು ನಿನ್ನ ಮೇಲಿನವರು ಹೇಳಿಯೇ ಇರುತ್ತಾರೆ, ಆದರೂ ಬರೆದೆ.

ಇಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಈಗ ಬರೆಯುತ್ತೇನೆ. ನಿನ್ನ ಅಪ್ಪನಿಗೂ ಗೊತ್ತಿಲ್ಲ, ನನ್ನ ಅಮ್ಮನಿಗೆ ಹೇಳುವ ಧೈರ್ಯ ಕೊನೆಗೂ ಬರಲಿಲ್ಲ. ನಿನ್ನ ಚಿಕ್ಕಪ್ಪನಿಗೆ ಹೊಳೆಯೆಂದರೆ ಬಹಳ ಹೆದರಿಕೆಯಿತ್ತು. ಮೊಣಕಾಲಿಗೆ ನೀರು ಬಂದರೆ ನನ್ನ ಪಂಚೆ ಹಿಡಿದುಕೊಳ್ಳುತ್ತಿದ್ದ. ಆ ರಾತ್ರಿಗೆ ಎರಡು ದಿನ ಮುಂಚೆ ನಾನೇ ಅವನನ್ನು ಗುಂಡಿಗೆ ಕರೆದುಕೊಂಡು ಹೋದೆ. ಕೈ ಹಿಡಿದು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿದೆ. ನಡುಗುತ್ತಿದ್ದ. ನಡುಕ ನಿಲ್ಲುವವರೆಗೆ ಕೈ ಬಿಡಲಿಲ್ಲ, ಹೊರಗೆ ಬರಲೂ ಬಿಡಲಿಲ್ಲ. ಕೊನೆಗೆ ನಕ್ಕು, “ಅಣ್ಣಾ, ಹೆದರಿಕೆ ಹೋಯಿತು” ಎಂದ. ನಾನು ಬೆನ್ನು ತಟ್ಟಿ ಶಹಭಾಸ್ ಎಂದೆ.

ನಿನ್ನ ಪತ್ರದಲ್ಲಿ ಮತ್ತೆ ಅದೇ ಮಾತು ಓದಿದೆ, ಪುಟ್ಟಿ. ಐವತ್ತೆರಡು ವರ್ಷಗಳ ಮೇಲೆ.

ಅವನಿಗೆ ಈಜು ಕಲಿಸಬೇಕಿತ್ತು. ನಾನು ಹೆದರಿಕೆ ಬಿಡಿಸಿದೆ. ಇವೆರಡೂ ಬೇರೆ ಬೇರೆ ಎಂದು ತಿಳಿಯುವ ಬುದ್ಧಿ ನನಗೆ ಆಗ ಇರಲಿಲ್ಲ.

ಆಮೇಲೆ ನಾನೇನು ಮಾಡಿದೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಈ ಪತ್ರ ಮೋಸವಾಗುತ್ತದೆ. ಅಂದಿನಿಂದ ನಾನು ನೀರಿಗೆ ಇಳಿದಿಲ್ಲ. ನಿನ್ನ ಅಪ್ಪನಿಗೆ ಈಜು ಕಲಿಯಲು ಬಿಡಲಿಲ್ಲ. ಕೆಳಗಿನ ಊರಿನಲ್ಲಿ ಮಾಸ್ತರಿಕೆ ಸಿಕ್ಕಿತ್ತು, ದಿನವೂ ದೋಣಿ ದಾಟಬೇಕೆಂದು ಹೋಗಲಿಲ್ಲ. ಸ್ವೀಡನ್ನಿನಲ್ಲಿ 1859ರಲ್ಲಿ ಒಬ್ಬ ಹುಡುಗ ಬಾವಿಗೆ ಬಿಟ್ಟ ಹಾವುಮೀನು 2014ರವರೆಗೆ ಅಲ್ಲೇ ಬದುಕಿತ್ತು ಎನ್ನುತ್ತಾರಂತಲ್ಲ, ಸಮುದ್ರಕ್ಕೆ ಹೋಗಲಾಗದ ಹಾವುಮೀನು ಬೆಳ್ಳಿಯಾಗದೆ ಹಾಗೇ ಕಾಯುತ್ತ ಉಳಿಯುತ್ತದೆ ಎಂದು ನೀನು ವಿವರಿಸಿದ್ದೀಯ. ಆ ಬಾವಿಯ ಕಥೆಯನ್ನು ಓದುವಾಗ ನನ್ನ ಎದೆ ಭಾರವಾಯಿತು. ನನ್ನ ಹಾಗೆ ಹೆದರಿಕೊಂಡಿರು ಎಂದು ನಿನಗೆ ಹೇಗೆ ಹೇಳಲಿ? ಅದನ್ನು ಹೇಳಲಾರೆ.

ಆದರೆ ನಿನ್ನ ಹಾಳೆಗಳಲ್ಲಿ ಇನ್ನೊಂದು ಕಡೆ ನಾನು ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ. ಯುರೋಪಿನ ಹಾವುಮೀನಿನ ಬೆನ್ನಿಗೆ ಯಂತ್ರ ಕಟ್ಟಿ ಬಿಟ್ಟು ನೋಡಿದಾಗ, ಅದು ರಾತ್ರಿ ಮೇಲಿನ ನೀರಿನಲ್ಲಿ ಈಜಿ, ಬೆಳಗಾಗುತ್ತಲೇ 600ರಿಂದ 1000 ಮೀಟರ್ ಆಳಕ್ಕೆ ಇಳಿಯುತ್ತದಂತೆ. ಐದಾರು ಸಾವಿರ ಕಿಲೋಮೀಟರ್ ದಾರಿಯುದ್ದಕ್ಕೂ ದಿನ ತಪ್ಪದೆ ಹೀಗೆಯೇ. ನೀರಿನ ತಂಪು ಮೈಗೆ ಬೇಕೆಂದು ಇರಬಹುದು, ತಿನ್ನುವ ಜೀವಿಗಳ ಕಣ್ಣು ತಪ್ಪಿಸಲೂ ಇರಬಹುದು ಎಂದು ಎರಡು ಕಾರಣ ಕೊಟ್ಟಿದ್ದಾರೆ. ನನ್ನ ಮನಸ್ಸು ಎರಡನೆಯದಕ್ಕೇ ಅಂಟಿಕೊಂಡಿತು. ಕರುಳು ಬತ್ತಿ, ಸಾಯಲೆಂದೇ ಹೊರಟ ಮೀನು ಅದು. ಅದಕ್ಕೂ ದಿನಾ ಬೆಳಕು ಹರಿದಾಗ ಹೆದರಿಕೆ ಬೇಕು. ಹೆದರಿಕೆಯನ್ನು ಹೊತ್ತುಕೊಂಡೇ ಅದು ಅಷ್ಟು ದೂರ ಹೋಗುತ್ತದೆ. ನಾನು ಬಾವಿಯಲ್ಲಿ ಉಳಿದೆ, ನೀನು ಹೋಗು. ಆದರೆ ಅದನ್ನು ದಡದಲ್ಲಿ ಬಿಟ್ಟು ಇಳಿಯಬೇಡ.

ನೀರು ಏರುವ ಮೊದಲು ಸುಳಿವು ಕೊಡುತ್ತದೆ. ದರಗು, ಕಡ್ಡಿ, ನೊರೆ ಒಟ್ಟಿಗೆ ತೇಲಿ ಬರಲು ತೊಡಗಿ ಮಣ್ಣಿನ ವಾಸನೆ ಎದ್ದರೆ, ಎಣಿಕೆ ಎಷ್ಟಕ್ಕೆ ನಿಂತಿರಲಿ, ಬಲೆ ಅಲ್ಲೇ ಇರಲಿ, ದಡ ಹತ್ತು. ಕೂಣಿ ಎತ್ತಿಕೊಂಡು ಬರುತ್ತೇನೆ ಎಂದು ಹಿಂದಿರುಗುವ ಒಂದು ನಿಮಿಷ ಇರುತ್ತದಲ್ಲ, ಅದು ಬೇಡ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮರಕ್ಕೆ ಬಿಗಿಯಬಹುದೇ ಎಂದು ಮೊದಲು ಯೋಚಿಸಿದೆ. ರಭಸದ ನೀರಿನಲ್ಲಿ ಹಗ್ಗವೇ ಮುಳುವಾಗುತ್ತದೆ ಎಂದು ಆಮೇಲೆ ಅನ್ನಿಸಿತು. ಅದನ್ನು ತಿಳಿದವರ ಹತ್ತಿರ ಕೇಳು, ನನ್ನ ಮಾತು ನಂಬಬೇಡ.

ಒಂದು ವಿಷಯದಲ್ಲಿ ಮಾತ್ರ ನನ್ನನ್ನು ನಂಬಬಹುದು. ನಮ್ಮ ಮನೆ ನೀರು ಎರಡಾಗಿ ಒಡೆಯುವ ಜಾಗದಲ್ಲಿದೆ. ಹಿತ್ತಿಲಿನ ಹಳ್ಳ ಮಾಲತಿಯಾಗಿ, ತುಂಗೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಗುಡ್ಡದ ಆಚೆಗೆ ಬಿದ್ದದ್ದು ಘಟ್ಟ ಇಳಿದು ನೀನು ನಿಂತಿರುವ ಸೀತಾನದಿಯನ್ನು ಸೇರುತ್ತದೆ. ಕೆಳಗೆ ಸೋಮೇಶ್ವರದಲ್ಲಿ ನಕ್ಷತ್ರ ಕಾಣುತ್ತಿದ್ದರೂ ಇಲ್ಲಿ ಧಾರಾಕಾರ ಹೊಡೆಯುತ್ತಿರುತ್ತದೆ. ಆ ನೀರು ನಿನ್ನನ್ನು ಮುಟ್ಟಲು ಹೊತ್ತು ಬೇಕು. ಆ ಹೊತ್ತು ನಮ್ಮ ಕೈಯಲ್ಲಿದೆ.

ನೀನು ಹೊಳೆಗೆ ಇಳಿಯುವ ರಾತ್ರಿಗಳ ಪಟ್ಟಿಯನ್ನು ಕಳಿಸು. ಆ ರಾತ್ರಿ ನಾನು ಮಲಗುವುದಿಲ್ಲ, ಹೇಗಿದ್ದರೂ ನಿದ್ದೆ ಕಡಿಮೆ. ಮೊಬೈಲ್ ಸಿಗ್ನಲ್ ಸಿಗುವುದು ದರೆಯ ಮೇಲಿನ ಹಲಸಿನ ಮರದ ಹತ್ತಿರ ಮಾತ್ರ, ಅಲ್ಲಿಗೆ ಕಂಬಳಿ ಹೊದ್ದು ಹೋಗಿ ನಿಲ್ಲುತ್ತೇನೆ. ಮಳೆ ಜೋರು ಹಿಡಿದ ಕೂಡಲೇ ಫೋನ್ ಮಾಡುತ್ತೇನೆ. ನಿನ್ನ ಫೋನನ್ನು ದಡದಲ್ಲಿ ಇರುವವರ ಕೈಗೆ ಕೊಟ್ಟಿರು. ನೀನು ಮೇಲೆ ಬಂದು “ದೊಡ್ಡಪ್ಪ, ದಡದಲ್ಲಿದ್ದೇನೆ” ಎನ್ನುವವರೆಗೆ ನಾನು ಮರದ ಬುಡ ಬಿಟ್ಟು ಕದಲುವುದಿಲ್ಲ.

ಇಂತು,
ನಿನ್ನ ದೊಡ್ಡಪ್ಪ