ಆರೋನನ ಮನೆತನದ ಹಕ್ಕು: ಗ್ರಂಥವನ್ನು ಪೂರ್ತಿ ಓದಬೇಕು

ಮಾನ್ಯ ಸಂಪಾದಕರೇ,

ಅರ್ಚಕ ವೃತ್ತಿ ವಂಶಪಾರಂಪರ್ಯವಾಗಿ ಬರಬೇಕೇ ಎಂಬ ಚರ್ಚೆಯ ನಡುವೆ ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು, ಪ್ರಾಚೀನ ಇಸ್ರೇಲರಲ್ಲಿ ಯಾಜಕತ್ವವು, ಅಂದರೆ ಯಜ್ಞ ಅರ್ಪಿಸುವ ಪುರೋಹಿತರ ಸ್ಥಾನವು, ಮೊದಲಿನಿಂದ ಕೊನೆಯವರೆಗೂ ಮೋಶೆಯ ಅಣ್ಣ ಆರೋನನ ಮನೆತನಕ್ಕೆ ನಿರ್ವಿವಾದವಾಗಿ ಸಲ್ಲುತ್ತಿತ್ತು ಎಂದು ಉದಾಹರಿಸಿದೆ. ಅರ್ಚಕರ ನೇಮಕದ ಬಗ್ಗೆ ನಾನಿಲ್ಲಿ ಏನನ್ನೂ ಹೇಳಹೊರಟಿಲ್ಲ. ಆದರೆ ಬೆಂಗಳೂರಿನ ಕನ್ನಡ ಸಭೆಯೊಂದರಲ್ಲಿ ಯುವಜನರಿಗೆ ಸತ್ಯವೇದದ (ಬೈಬಲಿನ) ಪಾಠ ಹೇಳುವ ನನಗೆ, ಆ ಉದಾಹರಣೆ ಗ್ರಂಥದ ಒಂದು ಭಾಗವನ್ನಷ್ಟೇ ನೋಡಿ ಬರೆದದ್ದೆಂದು ತಿಳಿಸುವುದು ಕರ್ತವ್ಯವೆನಿಸಿದೆ.

ಲೇಖಕರ ಮಾತಿಗೆ ಆಧಾರವೇ ಇಲ್ಲವೆಂದಲ್ಲ. ವಿಮೋಚನಕಾಂಡದ 40ನೇ ಅಧ್ಯಾಯವು ಆರೋನನ ಮಕ್ಕಳಿಗಾದ ಅಭಿಷೇಕದಿಂದ ಯಾಜಕತ್ವವು ತಲತಲಾಂತರಕ್ಕೂ ಅವರದೇ ಎನ್ನುತ್ತದೆ. ಅರಣ್ಯಕಾಂಡದ 25ನೇ ಅಧ್ಯಾಯವು ಆರೋನನ ಮೊಮ್ಮಗ ಫೀನೆಹಾಸನ ಸಂತತಿಗೆ ಅದೇ ವಾಗ್ದಾನವನ್ನು ಮತ್ತೆ ಕೊಡುತ್ತದೆ. ಆದರೆ ಧರ್ಮೋಪದೇಶಕಾಂಡದ 18ನೇ ಅಧ್ಯಾಯಕ್ಕೆ ಬಂದರೆ ಆರೋನನ ಮನೆತನಕ್ಕೂ ಅವನದೇ ಲೇವಿ ಕುಲದ ಉಳಿದವರಿಗೂ, ಅಂದರೆ ಉಳಿದ ಲೇವಿಯರಿಗೂ, ನಡುವಿನ ಅಂತರವೇ ಕಾಣದು: ಯಾವ ಊರಿನ ಲೇವಿಯನಾದರೂ ಯೆಹೋವನು ಆರಿಸಿಕೊಂಡ ಸ್ಥಳಕ್ಕೆ ಮನಃಪೂರ್ವಕವಾಗಿ ಬಂದರೆ, ಅಲ್ಲಿರುವವರಂತೆಯೇ ಸೇವೆ ಮಾಡಿ ಸಮಪಾಲು ಪಡೆಯಬಹುದು. ಇಸ್ರೇಲಿಗೆ ಇನ್ನೂ ಅರಸರಿಲ್ಲದ ನ್ಯಾಯಸ್ಥಾಪಕರ ಕಾಲದ ಮೀಕನೆಂಬವನಂತೂ ಎಫ್ರಾಯೀಮ್ ಬೆಟ್ಟದ ಸೀಮೆಯ ತನ್ನ ಮನೆಯ ಗುಡಿಗೆ ಮೊದಲು ಸ್ವಂತ ಮಗನನ್ನೇ ಯಾಜಕನನ್ನಾಗಿ ಮಾಡಿಕೊಂಡು, ಬೇತ್ಲೆಹೇಮಿನಿಂದ ಬಂದ ಲೇವಿಯನೊಬ್ಬ ಸಿಕ್ಕಾಗ ವರ್ಷಕ್ಕೆ 10 ಬೆಳ್ಳಿ ಶೆಕೆಲು, ಬಟ್ಟೆ, ಊಟ ಎಂದು ಗೊತ್ತುಮಾಡಿ ಅವನನ್ನು ಇಟ್ಟುಕೊಂಡ. ಆ ಕಾಲದ ಅರಾಜಕತೆಯನ್ನು ಗ್ರಂಥವೇ ಖಂಡಿಸುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಹಾಗಾದರೆ ದಾವೀದನ ಮಕ್ಕಳು ಯಾಜಕರಾಗಿದ್ದರು ಎಂಬ 2 ಸಮುವೇಲ 8:18ರ ಮಾತಿಗೆ ಏನು ಹೇಳೋಣ? ಅರಸ ದಾವೀದನು ಲೇವಿ ಕುಲದವನಲ್ಲ, ಯೆಹೂದ ಕುಲದವನು, ಆದರೂ ಅಲ್ಲಿ ಆಕ್ಷೇಪದ ಒಂದು ಸೊಲ್ಲೂ ಇಲ್ಲ. ನಂತರದ ಕಾಲದಲ್ಲಿ ಬರೆದ ಪೂರ್ವಕಾಲವೃತ್ತಾಂತವು ಇದೇ ಪಟ್ಟಿಯನ್ನು ಕೊಡುವಾಗ ಅವರನ್ನು ಅರಸನ ಬಳಿಯ ಮುಖ್ಯ ಅಧಿಕಾರಿಗಳೆಂದು ಕರೆಯುತ್ತದೆ. ಆ ಬರಹಗಾರನಿಗೂ ಈ ತೊಡಕು ಕಂಡಿತ್ತೆಂದೇ ನನ್ನ ಭಾವನೆ.

ಎಲ್ಲಕ್ಕಿಂತ ಮುಖ್ಯವಾದದ್ದು 1 ಸಮುವೇಲದ 2ನೇ ಅಧ್ಯಾಯ. ಶೀಲೋವಿನಲ್ಲಿ ಯಾಜಕನಾಗಿದ್ದ ಏಲಿಯ ಮಕ್ಕಳು ಹುಟ್ಟಿನಿಂದ ಪೂರ್ಣ ಹಕ್ಕುಳ್ಳವರು. ಆದರೆ ಜನ ಯಜ್ಞದ ಮಾಂಸ ಬೇಯಿಸುತ್ತಿರುವಾಗ ಅವರ ಆಳು ಮೂರು ಮೊನೆಯ ಕೊಂಡಿ ಹಿಡಿದು ಬಂದು ಪಾತ್ರೆಗೆ ಚುಚ್ಚಿ, ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಹೋಗುತ್ತಿದ್ದ. ಕೊಬ್ಬನ್ನು ದೇವರಿಗೆ ಹೋಮಮಾಡುವ ಮೊದಲೇ ಹಸಿ ಮಾಂಸ ಕೊಡು, ಇಲ್ಲವಾದರೆ ಬಲವಂತದಿಂದ ಕಸಿಯುತ್ತೇನೆ ಎನ್ನುತ್ತಿದ್ದ. ಆಗ ಏಲಿಯ ಬಳಿಗೆ ಬಂದ ದೇವರ ಮನುಷ್ಯನು, ನಿನ್ನ ಮನೆಯವರು ಸದಾಕಾಲ ನನ್ನ ಸನ್ನಿಧಿಯಲ್ಲಿ ಸೇವೆ ಮಾಡುವರೆಂದು ಹೇಳಿದ್ದ ದೇವರೇ ಈಗ ಅದು ಆಗದು ಎನ್ನುತ್ತಾನೆಂದು ಸಾರುತ್ತಾನೆ. ಕೊಟ್ಟ ಮಾತನ್ನು ಎತ್ತಿ ಹೇಳಿಯೇ ಹಿಂದಕ್ಕೆ ಪಡೆಯುವ ಇಂಥ ವಚನವನ್ನು ಬಿಟ್ಟು ವಂಶದ ಹಕ್ಕಿನ ಬಗ್ಗೆ ಬರೆಯುವುದು ಹೇಗೆ ಸಾಧ್ಯವೆಂದು ನನಗೆ ತಿಳಿಯದು. ಮುಂದೆ ದಾವೀದನ ಮಗನಾದ ಅರಸ ಸೊಲೊಮೋನನು ಏಲಿಯ ವಂಶದ ಯಾಜಕ ಎಬ್ಯಾತಾರನನ್ನು ಅನಾತೋತ್ ಊರಿಗೆ ಅಟ್ಟಿ ಅವನ ಸ್ಥಾನಕ್ಕೆ ಚಾದೋಕನನ್ನು ನೇಮಿಸಿದಾಗ, ಆ ಮಾತು ನೆರವೇರಿತೆಂದು ಅರಸುಗಳ ಗ್ರಂಥ ಹೇಳುತ್ತದೆ.

ಚಾದೋಕನೂ ಆರೋನನ ವಂಶದವನೇ, ಆದ್ದರಿಂದ ವಾಗ್ದಾನ ಮುರಿಯಲಿಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಪೂರ್ವಕಾಲವೃತ್ತಾಂತದ ವಂಶಾವಳಿ ಹಾಗೆನ್ನುವುದು ನಿಜ. ಆದರೆ ಏಲಿಗೆ ಬಂದ ಮಾತಿನಲ್ಲಿ ಹೊಸ ಯಾಜಕನ ವಂಶದ ಪ್ರಸ್ತಾಪವೇ ಇಲ್ಲ. ಅವನು ನಂಬಿಗಸ್ತನಾಗಿದ್ದು ದೇವರ ಮನಸ್ಸಿನಂತೆ ನಡೆಯುವವನು ಎಂದಷ್ಟೇ ಇದೆ. ಯೆಹೆಜ್ಕೇಲನ 44ನೇ ಅಧ್ಯಾಯವಂತೂ ಲೇವಿಯರ ಪೈಕಿ ಚಾದೋಕನ ಸಂತತಿಯವರಿಗೆ ಮಾತ್ರ ಸನ್ನಿಧಿಸೇವೆಯನ್ನು ಉಳಿಸಿ, ವಿಗ್ರಹಾರಾಧನೆಗೆ ಜೊತೆಯಾದ ಉಳಿದ ಲೇವಿಯರನ್ನು ಬಾಗಿಲು ಕಾಯುವ ಕೆಲಸಕ್ಕೆ ಇಳಿಸುತ್ತದೆ.

ಹುಟ್ಟಿಗೆ ಬೆಲೆಯೇ ಇರಲಿಲ್ಲವೆಂದು ನಾನು ವಾದಿಸುತ್ತಿಲ್ಲ. ಬಾಬೆಲಿನ ಸೆರೆಯಿಂದ ಮರಳಿದವರಲ್ಲಿ ವಂಶಾವಳಿ ಸಿಗದ ಕೆಲವು ಮನೆತನಗಳನ್ನು ಯಾಜಕತ್ವದಿಂದ ಹೊರಗಿಟ್ಟರೆಂದು ಎಜ್ರನ 2ನೇ ಅಧ್ಯಾಯದಲ್ಲಿದೆ. ಈ ವಚನಗಳನ್ನೂ ಓದುಗರ ಮುಂದಿಡಲು ಈ ಪತ್ರವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

— ಒಬ್ಬ ಓದುಗ, ಫ್ರೇಜರ್ ಟೌನ್, ಬೆಂಗಳೂರು